ಜಾಕೆಟ್ ನಿಮ್ಮದು, ಅದನ್ನು ತೊಟ್ಟಿದ್ದ ಗೋಪಾಲಮ್ಮ ಯಾರವರು?

ಹಬ್ಬದ ಮೇಳದ ಪಾರ್ಕಿಂಗ್ ಗುತ್ತಿಗೆಗೆ ಸಹಿ ಹಾಕಿದ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡುವುದು ರೂಢಿ. ಮಾನ್ಯತೆಯ ವಿಚಾರವನ್ನು ಪತ್ರದ ಕೊನೆಗೆ ನೋಡೋಣ. ಮೊದಲು ನೀವು ಕೊಟ್ಟ ಮಾತು, ಆಮೇಲೆ ನೀವು ಇಲ್ಲವೆಂದ ಮಾತು.

ದೀಪಾವಳಿಗೆ ಹದಿನೈದು ದಿನ ಮುಂಚೆ ಗಂಗಾನಗರದ ಬಯಲಿನ ಗೇಟಿಗೆ ನಿಮ್ಮ ಕಚೇರಿಯ ಮುದ್ರೆಯಿದ್ದ ಫ್ಲೆಕ್ಸ್ ಕಟ್ಟಿಸಿದಿರಿ. ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ ಎಂದಿರಿ. ಇಡೀ ಬಯಲಿಗೆ ಕ್ಯಾಮೆರಾ ಕಣ್ಗಾವಲು ಎಂದಿರಿ. ಎಂಬತ್ತು ಕಾರುಗಳಿಗೆ ಗೆರೆ ಎಳೆದ ಜಾಗ ಎಂದಿರಿ. ಪ್ರತಿ ವಾಹನಕ್ಕೂ ವಿಮೆ ಎಂದಿರಿ. 'ನಿಶ್ಚಿಂತೆಯಿಂದ ಖರೀದಿಸಿ, ನಿಮ್ಮ ವಾಹನ ನಮ್ಮ ಹೊಣೆ' ಎಂದು ಅಂಗೈ ಅಗಲದ ಅಕ್ಷರದಲ್ಲಿ ಬರೆಸಿದಿರಿ.

ಹಬ್ಬದ ಹಿಂದಿನ ಶನಿವಾರ ಸಂಜೆ ಅದೇ ಬಯಲಿನ ಇಳಿಜಾರಿನಲ್ಲಿ ನಿಲ್ಲಿಸಿದ್ದ ಕಾರೊಂದು ತಾನಾಗಿ ಉರುಳಿಕೊಂಡು ಹೋಗಿ, ಪಾರ್ಕಿಂಗ್ ಕೆಲಸದಲ್ಲಿದ್ದ ಗೋಪಾಲಮ್ಮ ಎಂಬವರ ಎಡಗಾಲು ನುಜ್ಜುಗುಜ್ಜಾಯಿತು. ಮರುದಿನದಿಂದ ನಿಮ್ಮ ಕಡೆಯಿಂದ ಬಂದ ಉತ್ತರಗಳು ಇವು. ಸಿಬ್ಬಂದಿ? ಆ ಹೆಂಗಸು ಗುತ್ತಿಗೆದಾರರ ಪಟ್ಟಿಯಲ್ಲೇ ಇಲ್ಲ. ಕ್ಯಾಮೆರಾ? ಅವತ್ತು ರಿಪೇರಿಯಲ್ಲಿತ್ತು. ಎಂಬತ್ತು ಕಾರು? ಹಬ್ಬದ ಜನಸಂದಣಿಯನ್ನು ಸಾರ್ವಜನಿಕರು ಅರ್ಥ ಮಾಡಿಕೊಳ್ಳಬೇಕು. ವಿಮೆ? ರಸೀದಿಯ ಹಿಂಭಾಗ ಓದಿಕೊಳ್ಳಿ.

ಓದಿಕೊಂಡೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿಕೊಂಡೆ. 'ವಾಹನಕ್ಕೆ ಹಾಗೂ ವಾಹನದಿಂದ ಆಗುವ ಎಲ್ಲ ನಷ್ಟಕ್ಕೂ ಮಾಲೀಕರೇ ಜವಾಬ್ದಾರರು' ಎಂದು ಸಾಸಿವೆ ಗಾತ್ರದ ಅಕ್ಷರದಲ್ಲಿದೆ. ಗೇಟಿನಲ್ಲಿ ಹೊಣೆ ನಿಮ್ಮದು, ಗೇಟು ದಾಟಿ ರಸೀದಿ ಕೈಗೆ ಬಂದ ಕೂಡಲೇ ಹೊಣೆ ನಮ್ಮದು! ಎರಡನ್ನೂ ಅಚ್ಚು ಹಾಕಿಸಿದ್ದು ಒಂದೇ ಕಚೇರಿ ತಾನೆ? ದೊಡ್ಡ ಅಕ್ಷರದಲ್ಲಿ ಸುಳ್ಳು ಹೇಳಿ ಸಣ್ಣ ಅಕ್ಷರದಲ್ಲಿ ತಪ್ಪಿಸಿಕೊಳ್ಳುವುದನ್ನು ಯಾವ ತರಬೇತಿಯಲ್ಲಿ ಕಲಿತಿರಿ?

ಈಗ ಒಂದು ವಿಷಯ ನಾನೇ ಹೇಳಿಬಿಡುತ್ತೇನೆ, ನಿಮ್ಮ ಕಚೇರಿಗೆ ಹುಡುಕುವ ಕಷ್ಟ ಬೇಡ. ಉರುಳಿದ ಆ ಕಾರು ನನ್ನದು. ಅದನ್ನು ನ್ಯೂಟ್ರಲ್‌ನಲ್ಲಿ ಬಿಟ್ಟವನು ನಾನು. ಹ್ಯಾಂಡ್‌ಬ್ರೇಕ್ ಇಳಿಸಿದ ಕೈ ನನ್ನದು.

ಅದೂ ಎಂಥ ಕೈ! ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಬ್ರೇಕ್ ಕೆಲಸ ಮಾಡಿದ ಕೈ. ಅದರಲ್ಲಿ ಹತ್ತೊಂಬತ್ತು ವರ್ಷ ನೌಕರರ ಸಂಘದ ಬಾವುಟ ಹಿಡಿದ ಕೈ. ಬಸ್ಸು ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡದೆ ಇಳಿದ ಡ್ರೈವರುಗಳನ್ನು ಎಲ್ಲರೆದುರು ನಿಲ್ಲಿಸಿ ಬೈದವನು ನಾನು. ಹಾಗಿದ್ದವನು ಹಬ್ಬದ ಬಟ್ಟೆಗೆಂದು ಹೊರಟ ದಿನ ಯಾಕೆ ಹೀಗೆ ಮಾಡಿದ? ಬೆಂಗಳೂರಿನಲ್ಲಿ ಕಾರು ಓಡಿಸುವ ಯಾರನ್ನು ಬೇಕಾದರೂ ಕೇಳಿ. ಜಾಗ ಇರುವುದು ಎಂಬತ್ತಕ್ಕೆ, ಒಳಗೆ ಬಿಡುವುದು ಇನ್ನೂರನ್ನು. ಸಾಲಿನ ಮುಂದೆ ಇನ್ನೊಂದು ಸಾಲು. ಒಳಗಿನ ಕಾರು ಹೊರಬರಬೇಕಾದರೆ ಮುಂದಿನದನ್ನು ಕೈಯಲ್ಲಿ ತಳ್ಳಬೇಕು. ಅದಕ್ಕೇ ನ್ಯೂಟ್ರಲ್, ಅದಕ್ಕೇ ಹ್ಯಾಂಡ್‌ಬ್ರೇಕ್ ಇಲ್ಲ. ನಿಮ್ಮ ಯಾವ ನಿಯಮಾವಳಿಯಲ್ಲೂ ಇಲ್ಲದ, ನಿಮ್ಮ ಎಲ್ಲ ಪಾರ್ಕಿಂಗ್ ಬಯಲುಗಳಲ್ಲೂ ನಡೆಯುವ ಪದ್ಧತಿ ಇದು.

ಅಂದು ಐದು ಗಂಟೆಗೆ ನನ್ನ ಹೆಂಡತಿ ದ್ರೌಪದಮ್ಮನ ಜೊತೆ ಬಯಲಿಗೆ ಬಂದೆ. ಹಸಿರು ಜಾಕೆಟ್ ತೊಟ್ಟ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಬೀಸಿದರು. ಅವರೇ ಗೋಪಾಲಮ್ಮ.

"ಅಣ್ಣಾ, ಇಲ್ಲೇ ಆಕ್ಬುಡಿ. ಗೇರ್ ತೆಗೀರಿ, ಹ್ಯಾಂಡ್‌ಬ್ರೇಕ್ ಬುಟ್ಬುಡಿ."

"ಇಳಿಜಾರಲ್ವೇನಮ್ಮ ಇದು?"

"ನಾನಿಲ್ವಾ ಇಲ್ಲಿ? ಒಳ್ಗಡೆ ಕಾರ್ನೋರು ಬಂದ್ರೆ ತಳ್ಬೇಕಲ್ಲಣ್ಣ. ನೀವೇನ್ ಸೀರೆ ಅಂಗ್ಡಿಯಿಂದ ಓಡ್ಬತ್ತೀರಾ?"

"ಇವ್ರು ಸೀರೆ ಅಂಗ್ಡಿಯಿಂದ ಓಡೋದ್ರಲ್ಲಿ ಎಕ್ಸ್‌ಪರ್ಟು ಕಣಮ್ಮ, ಅದೊಂದು ಯೋಚ್ನೆ ಬೇಡ" ಎಂದಳು ದ್ರೌಪದಮ್ಮ. ಇಬ್ಬರೂ ನಕ್ಕರು.

ನಾನು ಇಳಿದು ಬಗ್ಗಿ ನೋಡಿದೆ. ಇಡೀ ಸಾಲಿನಲ್ಲಿ ಒಂದೊಂದು ಕಾರಿನ ಮುಂಚಕ್ರಕ್ಕೂ ಅರ್ಧ ಇಟ್ಟಿಗೆ ಕೊಟ್ಟಿತ್ತು. ಗೋಪಾಲಮ್ಮ ನನ್ನದಕ್ಕೂ ಒಂದು ತಂದಿಟ್ಟು ಹಿಮ್ಮಡಿಯಿಂದ ಒದ್ದು ಬಿಗಿ ಮಾಡಿದರು. ಆ ಒದೆತ ನೋಡಿ ನನಗೆ ಧೈರ್ಯ ಬಂತು. ಕೆಲಸ ಗೊತ್ತಿದ್ದವರ ಒದೆತ ಅದು. ಇಟ್ಟಿಗೆಗಳನ್ನು ಯಾರು ಕೊಟ್ಟರು ಎಂದು ಕೇಳಿದೆ. "ಯಾರ್ ಕೊಡ್ತಾರೆ? ಆ ಕಡೆ ಮನೆ ಒಡೀತಾವ್ರೆ, ಸಂಜೆ ಸಂಜೆ ಒತ್ಕೊಂಬಂದೆ" ಎಂದರು. ತರಬೇತಿ ಪಡೆದ ಸಿಬ್ಬಂದಿ ಎಂದಿರಲ್ಲ, ಆ ಬಯಲಿನಲ್ಲಿ ನಾನು ಕಂಡ ಒಟ್ಟು ತರಬೇತಿ ಇಷ್ಟೇ. ಅದೂ ಗೋಪಾಲಮ್ಮ ತಮಗೆ ತಾವೇ ಕೊಟ್ಟುಕೊಂಡದ್ದು.

ಆರು ಗಂಟೆಗೆ ತಾವು ಮೇಳದ ಪರಿಶೀಲನೆಗೆ ದಯಮಾಡಿಸಿದಿರಿ. ವೇದಿಕೆಯ ಮೇಲೆ ದೀಪ ಹಚ್ಚಿದಿರಿ, ಸ್ವಚ್ಛತೆಯ ಬಗ್ಗೆ ಮಾತಾಡಿದಿರಿ. ನಾವು ಬಟ್ಟೆ ಅಂಗಡಿಯಲ್ಲಿದ್ದೆವು, ಮೈಕಿನಲ್ಲಿ ನಿಮ್ಮ ದನಿ ಅಲ್ಲಿಗೂ ಕೇಳುತ್ತಿತ್ತು. ಆರೂವರೆಗೆ ಚೀಲ ಹಿಡಿದು ಕಾರಿನ ಕಡೆ ಬಂದಾಗ ಐವತ್ತು ಹೆಜ್ಜೆ ದೂರದಿಂದ ಕಂಡದ್ದನ್ನು ಹೇಳುತ್ತೇನೆ. ಹಿಂದಿನ ಸಾಲಿನಿಂದ ರಿವರ್ಸ್ ಬಂದ ಕಾರೊಂದು ನನ್ನ ಕಾರಿನ ಹಿಂಬದಿಗೆ ಮೆಲ್ಲಗೆ ತಾಕಿತು. ಅಷ್ಟೇ ಸಾಕಾಯಿತು. ಕಾರು ಹೊರಟಿತು. ಕೆಳಗೆ ಸಿಹಿತಿಂಡಿ ಮಳಿಗೆಯ ಮುಂದೆ ಜನ ಮಕ್ಕಳನ್ನು ಎತ್ತಿಕೊಂಡು ಸಾಲು ನಿಂತಿದ್ದರು.

ಗೋಪಾಲಮ್ಮ "ಸರೀರೀ, ಸರೀರೀ" ಎಂದು ಕೂಗುತ್ತಾ ಓಡಿದರು. ಕಾರಿನ ಮುಂದೆ ಬಗ್ಗಿ, ಅಭ್ಯಾಸಬಲದಿಂದ ಪಕ್ಕದ ಕಾರಿನ ಚಕ್ರದಡಿಯ ಇಟ್ಟಿಗೆಗೆ ಕೈ ಹಾಕಿದರು. ಇಟ್ಟಿಗೆ ಇರಲಿಲ್ಲ. ಆಚೆ ಕಾರಿಗೂ ಇರಲಿಲ್ಲ. ಎದ್ದು ಬಾನೆಟ್ಟಿಗೆ ಭುಜ ಕೊಟ್ಟರು. ಕಾರು ಅವರನ್ನು ಹಾಗೇ ನೂಕಿಕೊಂಡು ಹೋಗಿ ಮಳಿಗೆಯ ಸಿಮೆಂಟ್ ಕಂಬಕ್ಕೆ ಬಡಿಯಿತು. ಸಾಲಿನಲ್ಲಿದ್ದ ಒಬ್ಬರಿಗೂ ಏನೂ ಆಗಲಿಲ್ಲ. ಕಂಬಕ್ಕೂ ಬಂಪರಿಗೂ ನಡುವೆ ಗೋಪಾಲಮ್ಮನ ಕಾಲಿತ್ತು.

ಇಟ್ಟಿಗೆ ಎಲ್ಲಿ ಹೋಯಿತು? ಮೂರನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಅವರೇ ಹೇಳಿದರು. "ಸತೀಶಪ್ಪ ಬಂದು, ದೊಡ್ ಸಾಯೇಬ್ರು ಬತ್ತಾವ್ರೆ, ಇಟ್ಟಿಗೆ ಗಿಟ್ಟಿಗೆ ಗಲೀಜ್ ಕಾಣ್ತದೆ, ಆಫೀಸಿಂದ ಪೋನ್ ಬಂದದೆ ಅಂತ ಎಲ್ಲಾ ಎತ್ತಾಕ್ಸುದ್ರಣ್ಣ. ಇಂಗ್ ಮಾಡ್ಬೇಡಿ ಅಂದೆ. ಅರ್ಧ ಗಂಟೆ ಕಣಮ್ಮ, ಆಮೇಲಿಕ್ಕೊಳ್ಳೋವಂತೆ ಅಂದ್ರು." ಸತೀಶ್ ಎಂದರೆ ಗುತ್ತಿಗೆದಾರನ ಸೂಪರ್‌ವೈಸರ್. ಇದಕ್ಕೆ ಸಾಕ್ಷಿ ಬೇಕೇ? ನಿಮ್ಮ ಕಚೇರಿಯೇ ಹಂಚಿದ ಫೋಟೋ ಇದೆ. ನೀವು ನಗುನಗುತ್ತಾ ದೀಪ ಹಚ್ಚುತ್ತಿದ್ದೀರಿ, ನಿಮ್ಮ ಹೆಗಲ ಹಿಂದೆ ಕೈಗಾಡಿಯೊಂದರಲ್ಲಿ ಅರ್ಧ ಇಟ್ಟಿಗೆಗಳ ರಾಶಿ ಹೋಗುತ್ತಿದೆ. ಫೋಟೋದ ಕೆಳಗೆ 'ಸ್ವಚ್ಛ ಮೇಳ, ಸುರಕ್ಷಿತ ಮೇಳ' ಎಂದು ಬರೆಸಿದ್ದೀರಿ.

ಮೊದಲ ಭೇಟಿಯಲ್ಲಿ ಈ ಫೋಟೋವನ್ನು ನಿಮ್ಮ ಮೇಜಿನ ಮೇಲಿಟ್ಟೆ. ಕಾಫಿ ತರಿಸಿದಿರಿ. ಆಸ್ಪತ್ರೆಗೆ ಪತ್ರ ಕಳಿಸುತ್ತೇನೆ, ಚಿಂತೆ ಬಿಡಿ ಎಂದಿರಿ. ಇಪ್ಪತ್ತು ದಿನ ಕಳೆದು ಎರಡನೆಯ ಸಲ ಬಂದಾಗ ಕಾಫಿಯೂ ಇರಲಿಲ್ಲ, ಪತ್ರವೂ ಇರಲಿಲ್ಲ. "ನೋಡಿ ನರಸಿಂಹಯ್ಯನವರೇ, ಇಟ್ಟಿಗೆ ತೆಗೀರಿ ಅಂತ ನಾನೇನಾದ್ರೂ ಬರವಣಿಗೆಯಲ್ಲಿ ಕೊಟ್ಟಿದೀನಾ? ತೋರಿಸಿ" ಎಂದಿರಿ. ಫೋನಿನಲ್ಲಿ ಕಾಲು ಮುರಿಸಿ ಕಾಗದದಲ್ಲಿ ಕೈ ತೊಳೆದುಕೊಳ್ಳುವ ಈ ಜಾಣತನಕ್ಕೆ ನಿಮ್ಮ ಇಲಾಖೆಯಲ್ಲಿ ಬಡ್ತಿ ಸಿಗುತ್ತದೆಯೇ?

ಆ ಪತ್ರ ಯಾಕೆ ಬೇಕು ಎಂಬುದು ನಿಮಗೆ ಗೊತ್ತು, ಈ ಬಹಿರಂಗ ಪತ್ರದ ಓದುಗರಿಗೂ ಗೊತ್ತಿರಲಿ. ಬಯಲಿನಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಅಪಘಾತ ವಿಮೆ ಇರಬೇಕೆಂದು ನಿಮ್ಮ ಗುತ್ತಿಗೆಯ ಷರತ್ತು ಹೇಳುತ್ತದೆ. ಆ ವಿಮೆ ಇದೆ. ಅದರ ಬಾಗಿಲು ತೆರೆಯಲು ಒಂದೇ ಸಾಲು ಬೇಕು: 'ಗೋಪಾಲಮ್ಮ ಅಂದು ಸಂಜೆ ನಮ್ಮ ಬಯಲಿನಲ್ಲಿ ಕೆಲಸದಲ್ಲಿದ್ದರು.' ಕೆಳಗೆ ನಿಮ್ಮ ಸಹಿ. ಗೋಪಾಲಮ್ಮನ ಕಾಲಿಗೆ ಒಂದು ಆಪರೇಷನ್ ಆಗಿ ರಾಡ್ ಹಾಕಿದ್ದಾರೆ, ಗಾಯ ಕೀವಾಗಿದೆ. ಎರಡನೆಯದು ಡಿಸೆಂಬರ್ ಇಪ್ಪತ್ತರೊಳಗೆ ಆಗದಿದ್ದರೆ ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ನನ್ನ ಕಾರಿನ ವಿಮೆಯಿಂದ ಅವರಿಗೆ ಬರಬೇಕಾದ ಪರಿಹಾರ ನ್ಯಾಯಮಂಡಳಿಯಲ್ಲಿ ವರ್ಷಗಟ್ಟಲೆ ಓಡುತ್ತದೆ. ಮೂಳೆ ವಾಯಿದೆ ಕೇಳುವುದಿಲ್ಲ.

ವಿಮೆ ಎಂದೆನಲ್ಲ, ಅದರ ಕಥೆಯೂ ಕೇಳಿ. ಕಾರು ನೋಡಲು ವಿಮಾ ಕಂಪನಿಯಿಂದ ಕೀರ್ತಿ ಎಂಬ ಸರ್ವೇಯರ್ ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ, ಮರ್ಯಾದಸ್ಥ. ಬಂಪರು, ರೇಡಿಯೇಟರು ಎಲ್ಲ ಫೋಟೋ ತೆಗೆದುಕೊಂಡು, ನನ್ನ ಒಳ್ಳೆಯದಕ್ಕೇ ಒಂದು ಮಾತು ಹೇಳಿದರು.

"ಸಾರ್, ಫಾರಮ್ಮಲ್ಲಿ ಹ್ಯಾಂಡ್‌ಬ್ರೇಕ್ ಹಾಕಿತ್ತು ಅಂತ ಬರೀರಿ. ಅವ್ರು ಯಾರೋ ಹೊರಗಿನೋರು ಅಂತ ಗುತ್ತಿಗೆದಾರ್ರೇ ಬರ್ಕೊಟ್ಟಿದಾರಲ್ಲ. ಹೊರಗಿನೋರು ಬಂದು ಏನೋ ಮಾಡಿದ್ರು ಅಂದ್ರೆ ನಿಮ್ ಕಾರಿಗೂ ಕ್ಲೇಮ್ ಆಗತ್ತೆ, ನಿಮ್ ಮೇಲೂ ಏನೂ ಬರಲ್ಲ."

"ಗೋಪಾಲಮ್ಮನ ಮೇಲೆ ಏನ್ ಬರತ್ತಪ್ಪ?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಅದಕ್ಕೆ ಫಾರಮ್ಮಲ್ಲಿ ಕಾಲಂ ಇಲ್ಲ ಸಾರ್."

ಅದೇ ವಾರ ಸತೀಶ್ ಕೂಡ ಸಿಹಿಯ ಡಬ್ಬಿ ಹಿಡಿದು ಬಂದಿದ್ದ. ಅದೇ ಮಾತು, ಇನ್ನೂ ಸಕ್ಕರೆ ಹಾಕಿ. "ಯಜಮಾನ್ರೇ, ನಿಮ್ಗ್ಯಾಕೆ ಈ ವಯಸ್ಸಲ್ಲಿ ಕೋರ್ಟು ಕಚೇರಿ? ಒಂದ್ ಸೈನ್ ಹಾಕ್ಬಿಡಿ, ಎಲ್ರಿಗೂ ಹಬ್ಬ." ನಾನು ಬಾಯಿ ತೆಗೆಯುವ ಮುಂಚೆ ದ್ರೌಪದಮ್ಮ ಡಬ್ಬಿಯನ್ನು ಅವನ ಕೈಗೇ ವಾಪಸ್ ಇಟ್ಟಳು. "ಆಸ್ಪತ್ರೆಗೆ ತಗೊಂಡ್ಹೋಗಿ ಕೊಡಪ್ಪ. ಅವ್ರ ತಲೆ ಮೇಲೆ ತಪ್ಪು ಹೊರ್ಸಿ ನಮ್ಗೇನ್ ಲಾಡು?"

ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದೆ, ಬಯಲಿನ ಸಿಬ್ಬಂದಿ ಹೇಳಿದ್ದರಿಂದ ಬಿಟ್ಟಿದ್ದೆ, ಆ ಸಿಬ್ಬಂದಿ ಮೇಳದ ಜಾಕೆಟ್ ತೊಟ್ಟಿದ್ದರು ಎಂದು. 'ಮಾಲೀಕರ ನಿರ್ಲಕ್ಷ್ಯ' ಎಂದು ನನ್ನ ಅರ್ಜಿ ತಿರಸ್ಕಾರವಾಯಿತು. ಠಾಣೆಯಲ್ಲಿ ನನ್ನ ಮೇಲೆ ಕೇಸಿದೆ. ಒಪ್ಪಿದ್ದೇನೆ. ಡಿಪೋದಲ್ಲಿ ನನ್ನಂಥವನನ್ನು ನಾನೇ ಅಮಾನತು ಮಾಡಿಸುತ್ತಿದ್ದೆ. ನನ್ನ ಪಾಲಿನ ತಪ್ಪಿಗೆ ನಾನು ಸಹಿ ಹಾಕಿದ್ದೇನೆ. ನಿಮ್ಮ ಪಾಲಿನದಕ್ಕೆ ನಿಮ್ಮ ಪೆನ್ನಿನಲ್ಲಿ ಶಾಯಿ ಇಲ್ಲವೇ?

ಇನ್ನು ಜಾಕೆಟ್ಟಿನ ವಿಷಯ. ಅಪಘಾತವಾದ ಐದನೆಯ ದಿನ ಇದೇ ಸತೀಶ್ ಆಸ್ಪತ್ರೆಗೆ ಹೋದ. ಕಾಲು ಹೇಗಿದೆ ಎಂದು ಕೇಳಲು ಅಲ್ಲ, ಜಾಕೆಟ್ ಕೇಳಲು. ಗೋಪಾಲಮ್ಮನ ಮಗಳು ಧನಲಕ್ಷ್ಮಿ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವವಳು. ಒಂದು ಬಟ್ಟೆ ಕೈ ಬದಲಾದರೆ ಚೀಟಿ ಬರೆಯಬೇಕೆಂಬ ಶಿಸ್ತಿನಲ್ಲಿ ಬೆಳೆದವಳು. ನಾನು ಪಕ್ಕದಲ್ಲೇ ಕೂತಿದ್ದೆ.

"ನಮ್ಮಮ್ಮ ನಿಮ್ ಕೆಲಸದೋರೇ ಅಲ್ಲ ಅಂದಿದೀರಂತೆ. ಮತ್ತೆ ಜಾಕೆಟ್ ಯಾಕ್ರೀ ನಿಮ್ಗೆ?"

"ಅದು ನಮ್ ಸ್ಟಾಕು ಕಣಮ್ಮ. ಒಂದ್ ಕಮ್ಮಿ ಆದ್ರೆ ನನ್ ತಲೇಗ್ ಬರತ್ತೆ."

"ಕೊಡ್ತೀನಿ. ತಗೊಂಡೆ ಅಂತ ಬರ್ಕೊಡಿ. ನಾಳೆ ನೀವು, ಇವ್ಳು ಕೊಟ್ಟೇ ಇಲ್ಲ ಅಂದ್ರೆ?"

ಪುಣ್ಯಾತ್ಮ ಜೇಬಿನಿಂದ ಪೆನ್ನು ತೆಗೆದು, ಔಷಧಿ ಚೀಟಿಯ ಹಿಂದೆ, ಬೆಡ್ಡಿನ ಮೇಲೆ ಕಾಗದ ಇಟ್ಟುಕೊಂಡು ಬರೆದ: 'ಪಾರ್ಕಿಂಗ್ ಕೆಲಸಕ್ಕೆಂದು ಗೋಪಾಲಮ್ಮನವರಿಗೆ ಕೊಟ್ಟಿದ್ದ ಹಸಿರು ಜಾಕೆಟ್ ಒಂದನ್ನು ಹರಿದ ಸ್ಥಿತಿಯಲ್ಲಿ ವಾಪಸ್ ಪಡೆದಿದ್ದೇನೆ.' ಸಹಿ ಹಾಕಿದ, ತಾರೀಖು ಹಾಕಿದ, ಸೂಪರ್‌ವೈಸರ್ ಎಂದು ಹುದ್ದೆಯನ್ನೂ ಬರೆದ. ಜಾಕೆಟ್ ಮಡಿಚಿಕೊಂಡು ಹೊರಟುಹೋದ. ಹೆಂಗಸನ್ನು ಪಟ್ಟಿಯಿಂದ ಅಳಿಸಬಹುದು, ಬಟ್ಟೆಯನ್ನು ಸ್ಟಾಕಿನಿಂದ ಅಳಿಸಲಾಗಲಿಲ್ಲ ನೋಡಿ!

ಆ ಚೀಟಿಯ ಪ್ರತಿಯನ್ನು ನಿಮಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. 'ಸದರಿ ದಾಖಲೆಯಲ್ಲಿ ಕಚೇರಿಯ ಮುದ್ರೆ ಇಲ್ಲದ ಕಾರಣ ಪರಿಗಣಿಸಲಾಗದು' ಎಂದು ಉತ್ತರ ಬಂತು, ಕೆಳಗೆ ದೊಡ್ಡ ಮುದ್ರೆ. ಮುದ್ರೆ ಇಲ್ಲ ಎಂದು ಹೇಳಲು ಒತ್ತಿದಿರಲ್ಲ, ಅದೇ ಮುದ್ರೆಯನ್ನು ಆ ಒಂದು ಸಾಲಿನ ಕೆಳಗೆ ಒತ್ತಿದ್ದರೆ ನಿಮ್ಮ ರಬ್ಬರು ಸವೆಯುತ್ತಿತ್ತೇ?

ಹೋದ ಭಾನುವಾರ ಮತ್ತೆ ಆ ಬಯಲಿಗೆ ಹೋಗಿದ್ದೆ. ಈಗ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಿಯಾಯಿತಿ ಮೇಳ. ಅದೇ ಗುತ್ತಿಗೆದಾರ, ಫ್ಲೆಕ್ಸ್ ಮಾತ್ರ ಹೊಸದು. ಅದೇ ನಿಶ್ಚಿಂತೆ, ಅದೇ ಹೊಣೆ. ಗೆರೆ ಎಳೆದ ಜಾಗ ಎಂಬತ್ತು. ಹೆಬ್ಬಾಳದ ಕಡೆಯಿಂದ, ಆರ್‌ಟಿ ನಗರದ ಕಡೆಯಿಂದ ಬಂದ ಕಾರುಗಳು ನೂರ ಎಂಬತ್ತೇಳು, ಎಣಿಸಿದ್ದೇನೆ. ಚಕ್ರಗಳ ಕೆಳಗೆ ಒಂದೇ ಒಂದು ಇಟ್ಟಿಗೆ ಇಲ್ಲ, ನೆಲ ಕನ್ನಡಿಯ ಹಾಗಿದೆ. ಗೋಪಾಲಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ಇನ್ನೊಬ್ಬ ಹೆಂಗಸು. ಮೈಮೇಲೆ ಹಸಿರು ಜಾಕೆಟ್, ಎಡ ಪಕ್ಕದಲ್ಲಿ ಒಂದು ಗೇಣುದ್ದ ಕಪ್ಪು ದಾರದ ಹೊಲಿಗೆ. ನಾನು ಆ ಹೊಲಿಗೆಯನ್ನೇ ನೋಡುತ್ತಾ ನಿಂತೆ. ಅವರು ನನ್ನನ್ನು ಕಾರಿನವನೆಂದುಕೊಂಡು, "ನ್ಯೂಟ್ರಲ್‌ಗೆ ಹಾಕ್ಬುಟ್ಟು ಹೋಗಿ ಸಾರ್, ನಾವ್ ನೋಡ್ಕೊಂತೀವಿ" ಎಂದರು. ಹೆಸರು ಕೇಳಿದೆ. ಸೂಪರ್‌ವೈಸರ್ ಕಡೆ ನೋಡಿ, ಹೇಳದೆ ಆಚೆ ಹೋದರು. ಅವರ ಹೆಸರಾದರೂ ನಿಮ್ಮ ಪಟ್ಟಿಯಲ್ಲಿದೆಯೇ? ಅಥವಾ ಅದಕ್ಕೂ ಒಂದು ಕಾಲು ಹೋಗಬೇಕೇ?

ಈ ಪತ್ರ ಓದುತ್ತಿರುವ ಕಾರಿನವರಿಗೆ ಎರಡು ಮಾತು, ಅಧಿಕಾರಿಗಳು ಬೇಕಾದರೆ ಕಿವಿ ಮುಚ್ಚಿಕೊಳ್ಳಲಿ. ಹಬ್ಬವಿರಲಿ, ರಿಯಾಯಿತಿಯಿರಲಿ, ಹ್ಯಾಂಡ್‌ಬ್ರೇಕ್ ಬಿಡಬೇಡಿ. ಬಿಡದಿದ್ದರೆ ಜಾಗ ಇಲ್ಲ ಎಂದರೆ ವಾಪಸ್ ತಿರುಗಿಸಿ, ಸೀರೆ ಎಲ್ಲೂ ಓಡಿಹೋಗುವುದಿಲ್ಲ. ಗೇಟಿನ ಫ್ಲೆಕ್ಸಿನದೂ ರಸೀದಿಯ ಹಿಂಭಾಗದ್ದೂ ಫೋಟೋ ತೆಗೆದಿಟ್ಟುಕೊಳ್ಳಿ. ಏನಾದರೂ ಆದರೆ ನಿಮ್ಮ ವಿಮಾ ಕಂಪನಿ ಮೊದಲು ಕೇಳುವುದು ನಿಮ್ಮ ಕೈ ಎಲ್ಲಿತ್ತು ಎಂದು. ಪಕ್ಕದಲ್ಲಿ ತಳ್ಳುತ್ತಿದ್ದ ಕೈ ಯಾರದು ಎಂದು ಯಾರೂ ಕೇಳುವುದಿಲ್ಲ. ಅದನ್ನು ನಾವೇ ಕೇಳಬೇಕು.

ಅಧಿಕಾರಿಗಳೇ, ನಮಗೆ ಬೇಕಾದದ್ದು ಇಷ್ಟು. ಗೋಪಾಲಮ್ಮ ಕೆಲಸದಲ್ಲಿದ್ದರು ಎಂಬ ಒಂದು ಸಾಲು, ಮುದ್ರೆ ಸಹಿತ, ಇಪ್ಪತ್ತನೆಯ ತಾರೀಖಿನೊಳಗೆ ಆಸ್ಪತ್ರೆಯ ಮೇಜಿನ ಮೇಲೆ. ಬಯಲಿನಲ್ಲಿ ದುಡಿಯುವ ಎಲ್ಲರ ಹೆಸರು ಗೇಟಿನ ಫ್ಲೆಕ್ಸಿನ ಮೇಲೆ, ಅದೇ ಅಂಗೈ ಅಗಲದ ಅಕ್ಷರದಲ್ಲಿ. ಎಂಬತ್ತೆಂದರೆ ಎಂಬತ್ತೇ ಕಾರು. ಇದರಲ್ಲಿ ಯಾವುದೂ ಔದಾರ್ಯವಲ್ಲ, ಎಲ್ಲವೂ ನೀವೇ ಸಹಿ ಹಾಕಿದ ಗುತ್ತಿಗೆಯಲ್ಲಿದೆ.

ಮಾನ್ಯತೆಯ ವಿಚಾರ ಕೊನೆಗೆ ನೋಡೋಣ ಎಂದಿದ್ದೆ. ಅದನ್ನು ನೋಡಲು ನಾವೇ ಬರುತ್ತೇವೆ. ಬಂಪರು ನಗ್ಗಿದ ನನ್ನ ಕಾರನ್ನು ಬಯಲಿನ ಗೇಟಿನಿಂದ ನಿಮ್ಮ ಕಚೇರಿಯ ಗೇಟಿನವರೆಗೆ, ನ್ಯೂಟ್ರಲ್‌ನಲ್ಲಿ, ಕೈಯಲ್ಲೇ ತಳ್ಳಿಕೊಂಡು ಬರುತ್ತೇವೆ. ಟ್ರಾಫಿಕ್ ಪೊಲೀಸರಿಗೆ ಅರ್ಜಿ ಕೊಟ್ಟಾಗಿದೆ. ಸ್ಟೀರಿಂಗಿನಲ್ಲಿ ನಾನು, ಹಿಂದೆ ಧನಲಕ್ಷ್ಮಿ, ದ್ರೌಪದಮ್ಮ, ನಮ್ಮ ಸಂಘದ ಹಳೆಯ ಸಂಗಾತಿಗಳು. ಬರುವವರೆಲ್ಲ ಕೈಯಲ್ಲಿ ಅರ್ಧ ಇಟ್ಟಿಗೆ ತರುತ್ತಾರೆ. ಗಾಬರಿಯಾಗಿ ಪೊಲೀಸರನ್ನು ಕರೆಸಬೇಡಿ, ಎಸೆಯಲು ಅಲ್ಲ. ನಿಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಆ ಇಟ್ಟಿಗೆಗಳನ್ನು ಕೊಟ್ಟು, ಹಿಮ್ಮಡಿಯಿಂದ ಒದ್ದು ಬಿಗಿ ಮಾಡಿ, ಪಕ್ಕದಲ್ಲಿ ಕೂರುತ್ತೇವೆ. ಆ ಒಂದು ಸಾಲು ಸಿಕ್ಕಿದ ಗಳಿಗೆಗೆ ಎದ್ದು ಹೋಗುತ್ತೇವೆ. ಇಟ್ಟಿಗೆ ಗಲೀಜು ಕಾಣುತ್ತದೆ, ತೆಗೆಸಬೇಕು ಎನ್ನಿಸಿದರೆ ಖಂಡಿತ ಆದೇಶ ಕೊಡಿ. ಈ ಸಲ ಬರವಣಿಗೆಯಲ್ಲಿ ಕೊಡಿ.

ಡಿಸೆಂಬರ್ ಹದಿನೈದು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಇಂತಿ,
ನಿಮ್ಮ ರಸೀದಿಯ ಹಿಂಭಾಗದ ಪ್ರಕಾರ ಎಲ್ಲಕ್ಕೂ ಜವಾಬ್ದಾರನಾದ,
ಹ್ಯಾಂಡ್‌ಬ್ರೇಕ್ ಬಿಟ್ಟ ನಿವೃತ್ತ ಬ್ರೇಕ್ ಮೆಕ್ಯಾನಿಕ್
ನರಸಿಂಹಯ್ಯ
ಅಲ್ಲಾಳಸಂದ್ರ